ಬೇರೆಯವರ ಕಾರು, ನನ್ನ ಮೇಜು

ಹಳೇ ಅಮೆರಿಕನ್ ಮಸಲ್ ಕಾರುಗಳ ಪುಟ್ಟ ಮಾಡೆಲ್‌ಗಳನ್ನು ನಾನು ಪ್ಲಾಸ್ಟಿಕ್ ಕಿಟ್‌ಗಳಿಂದ ಕಟ್ಟುತ್ತೇನೆ. "ನನಗೂ ಒಂದು ಕಾರು ಮಾಡಿಕೊಡೋ" ಅಂತ ಗೆಳೆಯರು ಕೇಳುವಾಗ ಅವರ ತಲೆಯಲ್ಲಿ ಒಂದು ಕಾರು ಇರುತ್ತದೆ, ನನ್ನ ತಲೆಯಲ್ಲಿ ಇನ್ನೊಂದು. ಅವರದು ಒಂದು ಬಣ್ಣ, ಎಲ್ಲೋ ನೋಡಿದ ಒಂದು ಫೋಟೋ, ಇಂಜಿನ್ನಿನ ಸದ್ದು, ಅಷ್ಟೇ. ನನ್ನದು ಡಬ್ಬದೊಳಗಿನ ಬಿಡಿಭಾಗಗಳು, ಮತ್ತು ಇದರಲ್ಲಿ ನನಗೆ ಯಾವುದು ಬರುತ್ತದೆ, ಯಾವುದು ಬರಲ್ಲ ಅನ್ನುವ ಲೆಕ್ಕ. ನನಗೋಸ್ಕರ ಕಟ್ಟಿಕೊಳ್ಳುವಾಗ ನಾನು ಬರುವುದನ್ನೇ ಆರಿಸಿಕೊಳ್ಳುತ್ತೇನೆ. ತಿಳಿ ಬಣ್ಣ, ಮುಚ್ಚಿದ ಬಾನೆಟ್, ಪಟ್ಟಿಗಳಿಲ್ಲದ ಮೈ. ಗೆಳೆಯರಿಗೆ ಇದೆಲ್ಲ ಗೊತ್ತಿರಲ್ಲ. ಅವರು ಕಪ್ಪು ಬಣ್ಣ ಕೇಳುತ್ತಾರೆ. ಬಾನೆಟ್ ತೆಗೆಯೋಕೆ ಬರಬೇಕು ಅನ್ನುತ್ತಾರೆ. ನನ್ನ ಕೈ ಇಷ್ಟಾದರೂ ಪಳಗಿದ್ದು ಅವರ ಈ ಮುಗ್ಧ ಬೇಡಿಕೆಗಳಿಂದಲೇ.

ಮಸಲ್ ಕಾರು ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮಧ್ಯಮ ಗಾತ್ರದ ಅಮೆರಿಕನ್ ಕಾರಿಗೆ ದೊಡ್ಡ ಕಾರಿನ ವಿ-8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ತುರುಕಿದರೆ ಅದು ಮಸಲ್ ಕಾರು. 1964ರ ಪಾಂಟಿಯಾಕ್ ಜಿಟಿಓದಿಂದ ಕಥೆ ಶುರು ಅಂತ ಹೆಚ್ಚಿನವರು ಹೇಳುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನಲ್ಲೇ ನಿಯಮ ಇತ್ತು. ಪಾಂಟಿಯಾಕ್‌ನ ಆಗಿನ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ತಂಡ 389 ಘನ ಇಂಚಿನದ್ದನ್ನು ಟೆಂಪೆಸ್ಟ್ ಕಾರಿನಲ್ಲಿ ಕೂರಿಸಿ, ಹೊಸ ಮಾಡೆಲ್ ಅಂತ ಕರೆಯದೆ ಬರೀ 'ಆಪ್ಷನ್' ಅಂತ ಮಾರಿದರು. ಮೊದಲ ವರ್ಷವೇ 32,000ಕ್ಕಿಂತ ಜಾಸ್ತಿ ಹೋದವು. ಆಮೇಲೆ ಎಲ್ಲ ಕಂಪನಿಗಳೂ ಹಿಂದೆ ಬಿದ್ದವು. 1970ರ ಹೊತ್ತಿಗೆ ತುತ್ತತುದಿ ಮುಟ್ಟಿತು. ವಿಮೆ ದುಬಾರಿಯಾಯಿತು, ಹೊಗೆಯ ನಿಯಮಗಳು ಬಿಗಿಯಾದವು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಅಲ್ಲಿಗೆ ಮುಗೀತು. ಹತ್ತು ವರ್ಷವೂ ಪೂರ್ತಿ ನಡೆಯದ ಆಟ ಅದು, ಆದರೆ ಮಾಡೆಲ್ ಕಟ್ಟುವವರಿಗೆ ಅದರಿಂದ ಸಿಕ್ಕ ಕೆಲಸ ಇನ್ನೂ ಮುಗಿದಿಲ್ಲ.

ಈಗ ಬೇಡಿಕೆಯ ವಿಷಯ. "ಒಂದು ಡಾಡ್ಜ್ ಚಾರ್ಜರ್" ಅಂತ ಒಬ್ಬ ಕೇಳಿದ. ಯಾವ ವರ್ಷದ್ದು ಅಂದೆ. "ಅದೇ, ಹಳೇದು" ಅಂದ. 1968, 69, 70, ಮೂರಕ್ಕೂ ಮೈಯ ಆಕಾರ ಹೆಚ್ಚುಕಡಿಮೆ ಒಂದೇ. ಆದರೆ 68ರ ಹಿಂದೆ ನಾಲ್ಕು ದುಂಡು ದೀಪ. 69ರಲ್ಲಿ ಅವು ಹೋಗಿ ಉದ್ದನೆಯ ದೀಪ ಬಂದವು, ಮುಂದಿನ ಗ್ರಿಲ್ ನಡುವೆ ಒಂದು ಕಂಬ ಬಂತು. 70ರಲ್ಲಿ ಗ್ರಿಲ್ ಸುತ್ತಲೂ ಕ್ರೋಮ್ ಬಂಪರ್ ಬಳಸಿಕೊಂಡಿತು. ಫೋಟೋ ಕಳಿಸು ಅಂದೆ. ಕಳಿಸಿದ. ಕಾರಿನ ಪಕ್ಕದ ನೋಟ ಮಾತ್ರ ಇತ್ತು, ದೀಪವೂ ಇಲ್ಲ ಗ್ರಿಲ್ಲೂ ಇಲ್ಲ. ಕೊನೆಗೆ ವರ್ಷ ಹೇಳಿದ್ದು ಮೈಮೇಲಿನ ಸಣ್ಣ ಸೈಡ್ ಮಾರ್ಕರ್, ಪಕ್ಕದಿಂದ ಬರುವವರಿಗೆ ಕಾರು ಕಾಣಲಿ ಅಂತ ಇಡುವ ಹೊಳೆಯುವ ತುಂಡು. 68ರದ್ದು ದುಂಡಗೆ, 69ರದ್ದು ಆಯತ. ಗೆಳೆಯನ ಕನಸಿನ ಕಾರು 69ರದ್ದು ಅಂತ ಅವನಿಗೇ ನಾನು ಹೇಳಬೇಕಾಯಿತು.

ಇಂಥ ಪತ್ತೇದಾರಿ ಕೆಲಸ ನನಗೆ ಕಟ್ಟುವಷ್ಟೇ ಇಷ್ಟ. 67ರ ಕಮಾರೋ ಕಿಟಕಿಯ ಮುಂದೆ ಪುಟ್ಟ ತ್ರಿಕೋನದ ಗಾಜು ಇದೆ, 68ರಲ್ಲಿ ಇಲ್ಲ. ಬ್ಯೂಕ್ ಜಿಎಸ್‌ಎಕ್ಸ್ 1970ರಲ್ಲಿ ಬಂದದ್ದು ಹಳದಿ ಮತ್ತು ಬಿಳಿ ಎರಡೇ ಬಣ್ಣದಲ್ಲಿ, ಹಾಗಾಗಿ ಕೆಂಪು ಕೇಳಿದವಳಿಗೆ ಆಗಲ್ಲ ಅಂದೆ. "ನಾನೇನು ಅದನ್ನು ಓಡಿಸುತ್ತೇನಾ? ಕೆಂಪು ಮಾಡು" ಅಂದಳು. ಕೆಂಪು ಮಾಡಿದೆ. ಚರಿತ್ರೆಗೆ ಒಂದು ಗೌರವ ಇದೆ, ಸರಿ, ಆದರೆ ಅದು ಅವಳ ಕಪಾಟಿನಲ್ಲಿ ಕೂರುವ ಕಾರು. ಈ ವಿಷಯದಲ್ಲಿ ಹಟ ಹಿಡಿಯುವ ಮಾಡೆಲ್‌ಗಾರರನ್ನು ಕಂಡರೆ ನನಗೆ ಸ್ವಲ್ಪ ಬೇಸರ.

ಅಳತೆ ಕೂಡ ಗೆಳೆಯರಿಂದಲೇ ಮುಖ್ಯವಾಯಿತು. ಅಮೆರಿಕನ್ ಕಾರುಗಳ ಕಿಟ್‌ಗಳಲ್ಲಿ ಹೆಚ್ಚಿನವು 1/25, ಮೋನೋಗ್ರಾಮ್ ಕಂಪನಿ ಮಾತ್ರ ಹೆಚ್ಚಾಗಿ 1/24 ಮಾಡುತ್ತಿತ್ತು. ಕಾಗದದ ಮೇಲೆ ವ್ಯತ್ಯಾಸ ಏನೂ ಅಲ್ಲ ಅನಿಸುತ್ತದೆ. 69ರ ಚಾರ್ಜರ್ ಉದ್ದ ಸುಮಾರು 5.28 ಮೀಟರ್. 1/25ರಲ್ಲಿ ಅದು 21 ಸೆಂಟಿಮೀಟರ್, 1/24ರಲ್ಲಿ 22. ಒಂದೇ ಸಾಲಿನಲ್ಲಿ ಇಟ್ಟರೆ ಆ ಒಂದು ಸೆಂಟಿಮೀಟರ್ ಎದ್ದು ಕಾಣುತ್ತದೆ. ಎರಡನೇ ಕಾರು ಕೇಳುವ ಗೆಳೆಯನಿಗೆ ಮೊದಲನೆಯದು ಯಾವ ಅಳತೆಯದು ಅಂತ ನೋಡಿಕೊಂಡೇ ಕಿಟ್ ತೆಗೆಯುವುದು ಈಗ ಅಭ್ಯಾಸ.

ಇನ್ನು ಹಳೇ ಅಚ್ಚುಗಳ ಕಥೆ. ಮಿಷಿಗನ್‌ನ ಟ್ರಾಯ್‌ನಲ್ಲಿ 1948ರಲ್ಲಿ ಶುರುವಾದ ಎಎಂಟಿ ಮೊದಲು ಮಾಡುತ್ತಿದ್ದದ್ದು ಕಾರು ಷೋರೂಮ್‌ಗಳಿಗೆ ಪ್ರಚಾರದ ಮಾದರಿಗಳನ್ನು. ಕಿಟ್‌ಗಳು ಬಂದದ್ದು 1958ರಲ್ಲಿ. ಅರವತ್ತರ ದಶಕದ ಆ ಅಚ್ಚುಗಳಿಂದ ಇವತ್ತಿಗೂ ಕೆಲವು ಕಿಟ್‌ಗಳು ಹೊರಬರುತ್ತವೆ. ಕಾರು ಹೊಸದಾಗಿದ್ದಾಗಲೇ ಮಾಡಿದ ಅಚ್ಚು ಆದ್ದರಿಂದ ಮೈಯ ಆಕಾರ ತುಂಬಾ ಚೆನ್ನಾಗಿರುತ್ತದೆ. ಕೆಳಗೆ ತಿರುಗಿಸಿದರೆ ನಗು ಬರುತ್ತದೆ. ಮುಂದಿನ ಎರಡು ಚಕ್ರಗಳನ್ನು ಸೇರಿಸುವ ಕಬ್ಬಿಣದ ಕಡ್ಡಿ ಇಂಜಿನ್ನಿನ ಹೊಟ್ಟೆಯೊಳಗಿಂದ ಹಾದುಹೋಗುತ್ತದೆ! ಬಾನೆಟ್ ಮುಚ್ಚಿಯೇ ಇಡುವ ಗೆಳೆಯನಿಗಾದರೆ ಹಾಗೇ ಬಿಡುತ್ತೇನೆ. ಇಂಜಿನ್ ನೋಡಲೇಬೇಕು ಅನ್ನುವವನಿಗೆ ಆ ತೂತು ಮುಚ್ಚಿ, ಚಕ್ರಗಳಿಗೆ ಬೇರೆ ಆಧಾರ ಕೊಡಬೇಕು. ಹೀಗೆ ಕಾರನ್ನು ಅಡಿಯಿಂದ ಯೋಚಿಸುವುದನ್ನು ಕಲಿತದ್ದು.

ಮೈಯನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬೇಕು, ಅಚ್ಚಿನ ಎಣ್ಣೆ ಹೋಗಲಿ ಅಂತ. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಅಚ್ಚಿನ ಗೆರೆ ತೆಗೆಯುವುದರಲ್ಲಿ ಇದೆ. ಅಚ್ಚಿನ ಎರಡು ತುಂಡು ಕೂಡುವ ಕಡೆ ಪ್ಲಾಸ್ಟಿಕ್ ಮೇಲೆ ಕೂದಲೆಳೆಯ ಏಣು ಉಳಿದಿರುತ್ತದೆ. ಅದು ಸಾಮಾನ್ಯವಾಗಿ ಫೆಂಡರ್‌ನ, ಅಂದರೆ ಚಕ್ರದ ಮೇಲಿನ ಮೈಯ, ತಲೆಯ ಮೇಲೆ, ಚಾವಣಿಯ ಕಂಬಗಳ ಮೇಲೆ ಓಡುತ್ತದೆ. ಮಸಲ್ ಕಾರಿನ ತೊಂದರೆ ಏನೆಂದರೆ ಅದರ ಮೈಯಲ್ಲೇ ಬೇಕೆಂದು ಇಟ್ಟ ಚೂಪು ಅಂಚುಗಳು ಇವೆ, ಅಚ್ಚಿನ ಗೆರೆ ಎಷ್ಟೋ ಸಲ ಅದೇ ಅಂಚಿನ ಮೇಲೆ ಕೂತಿರುತ್ತದೆ. ಉಜ್ಜಿದರೆ ಎರಡೂ ಹೋಗುತ್ತವೆ. ಯಾವುದು ಕಾರಿನದ್ದು, ಯಾವುದು ಅಚ್ಚಿನದ್ದು ಅಂತ ಬೆರಳಿಗೆ ಗೊತ್ತಾಗಲ್ಲ, ನಿಜವಾದ ಕಾರಿನ ಫೋಟೋವನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡಬೇಕು. ನಾನು ತೆಳುವಾಗಿ ಬೂದು ಪ್ರೈಮರ್ ಹೊಡೆದು, ದೀಪವನ್ನು ಪಕ್ಕದಿಂದ ಹಿಡಿದು ನೋಡುತ್ತೇನೆ. ಪ್ಲಾಸ್ಟಿಕ್ ಸುಳ್ಳು ಹೇಳುತ್ತದೆ, ಪ್ರೈಮರ್ ಹೇಳಲ್ಲ.

ಬಣ್ಣಕ್ಕೆ ಬರೋಣ. ಇಲ್ಲೇ ಹೆಚ್ಚಿನವರು ಸೋಲುವುದು, ಮತ್ತು ಸೋತದ್ದು ಯಾಕೆ ಅಂತ ತಿಳಿಯದೆ ಇನ್ನೂ ಒಂದು ಪದರ ಹೊಡೆಯುವುದು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನಿಜವಾದ ಕಾರಿನ ಬಣ್ಣದ ದಪ್ಪ ಸುಮಾರು 100 ಮೈಕ್ರಾನ್, ಅಂದರೆ 0.1 ಮಿಲಿಮೀಟರ್. ಅದನ್ನು 25ರಿಂದ ಭಾಗಿಸಿದರೆ 4 ಮೈಕ್ರಾನ್. ಅಷ್ಟು ತೆಳುವಾಗಿ ಕೈಯಲ್ಲಿ ಯಾರೂ ಹೊಡೆಯಲಾರರು. ಪ್ರೈಮರ್, ಬಣ್ಣ, ಮೇಲೆ ಬಣ್ಣವಿಲ್ಲದ ಹೊಳಪಿನ ಪದರ ಎಲ್ಲ ಸೇರಿ ನಮ್ಮ ಮಾಡೆಲ್ ಮೇಲೂ 100 ಮೈಕ್ರಾನ್ ಆಯಿತು ಅನ್ನಿ, ಆಗ ಅದು ನಿಜವಾದ ಕಾರಿಗೆ ಎರಡೂವರೆ ಮಿಲಿಮೀಟರ್ ದಪ್ಪ ಬಣ್ಣ ಬಳಿದ ಹಾಗೆ. ಈಗ ಬಾಗಿಲಿನ ಸಂದು ನೋಡಿ. ನಿಜವಾದ ಕಾರಿನಲ್ಲಿ ಅದು 5 ಮಿಲಿಮೀಟರ್ ಇದ್ದರೆ ಮಾಡೆಲ್‌ನಲ್ಲಿ 0.2. ಎರಡೂ ಗೋಡೆಗೆ 0.1, 0.1 ಬಣ್ಣ ಕೂತರೆ ಸಂದು ಮುಚ್ಚಿಯೇ ಹೋಯಿತು! ಅದಕ್ಕೇ ಬಣ್ಣಕ್ಕೆ ಮೊದಲು ಬ್ಲೇಡಿನ ಬೆನ್ನಿನಿಂದ ಬಾಗಿಲು, ಬಾನೆಟ್, ಡಿಕ್ಕಿಯ ಗೆರೆಗಳನ್ನು ಮೆಲ್ಲಗೆ ಎಳೆದು ಎಳೆದು ಆಳ ಮಾಡುವುದು. ಆಟಿಕೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಪಾಲು ಈ ಗೆರೆಗಳದ್ದು ಅಂತ ನನಗನಿಸುತ್ತದೆ.

ಮೆಟಾಲಿಕ್ ಬಣ್ಣಕ್ಕೂ ಇದೇ ಲೆಕ್ಕ. ಹೊಳೆಯುವ ಪುಡಿಯ ಕಣ 0.1 ಮಿಲಿಮೀಟರ್ ಇದ್ದರೆ ಅದು ನಿಜವಾದ ಕಾರಿನ ಮೇಲೆ 2.5 ಮಿಲಿಮೀಟರ್ ಚೂರು. ಡಬ್ಬಿಯ ಮುಚ್ಚಳದಲ್ಲಿ ನೋಡಿ ಚೆನ್ನಾಗಿದೆ ಅನಿಸಿದ ಬಣ್ಣ ಕಾರಿನ ಮೇಲೆ ಹಬ್ಬದ ಅಲಂಕಾರದಂತೆ ಕಾಣೋದು ಇದಕ್ಕೇ. ನಿಜವಾದ ಕಾರಿಗೆ ಹೊಡೆಯುವ ಬಣ್ಣವನ್ನೇ ತಂದರೆ ಹೆಚ್ಚು ನಿಜ ಅನ್ನುವವರಿದ್ದಾರೆ. ಬಣ್ಣ ಹೊಂದಬಹುದು, ಕಣ ಹೊಂದಲ್ಲ.

ಹಾಗಾದರೆ ಕಪ್ಪು? ಕಪ್ಪಿಗೆ ಕಣದ ತೊಂದರೆ ಇಲ್ಲ, ಬೇರೆ ಎಲ್ಲ ತೊಂದರೆಯೂ ಇದೆ. ಧೂಳು, ಗೀರು, ಉಜ್ಜಿದ ಗುರುತು, ಬಣ್ಣ ಕೂತ ರೀತಿಯಲ್ಲಿನ ಕಿತ್ತಳೆ ಸಿಪ್ಪೆಯಂಥ ಒರಟು, ಯಾವುದನ್ನೂ ಅದು ಮುಚ್ಚಿಕೊಳ್ಳಲ್ಲ. ಕಪ್ಪು 1970ರ ಶೆವೆಲ್ ಎಸ್‌ಎಸ್ ಬೇಕು, ಬಿಳಿ ಪಟ್ಟಿ ಇರಬೇಕು ಅಂತ ಒಬ್ಬಳು ಕೇಳಿದಾಗ ಪಾಲಿಷ್ ಮಾಡುವುದನ್ನು ಕಲಿಯದೆ ಬೇರೆ ದಾರಿ ಇರಲಿಲ್ಲ. ಬಣ್ಣ ಚೆನ್ನಾಗಿ ಗಟ್ಟಿಯಾಗಬೇಕು. ಮುಟ್ಟಿದರೆ ಒಣಗಿದೆ ಅನಿಸುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಮೂಗಿನ ಹತ್ತಿರ ಹಿಡಿದು ಥಿನ್ನರ್ ವಾಸನೆ ಬಂದರೆ ವಾಪಸ್ ಇಟ್ಟುಬಿಡಬೇಕು. ಆಮೇಲೆ ನೀರು ಹಾಕಿಕೊಂಡು ಉಜ್ಜುವ ಬಟ್ಟೆ, 3200ರಿಂದ ಶುರುಮಾಡಿ 12000ದವರೆಗೆ ಒಂದೊಂದೇ ಮೆಟ್ಟಿಲು, ನಂಬರ್ ಹೆಚ್ಚಾದಷ್ಟೂ ಬಟ್ಟೆ ನಯ. ಪ್ರತಿ ಮೆಟ್ಟಿಲಿನ ಕೆಲಸ ಹಿಂದಿನದರ ಗೀರು ಅಳಿಸುವುದು ಮಾತ್ರ. ಒಂದನ್ನು ಹಾರಿಸಿದರೆ ಆ ಗೀರು ಪಾಲಿಷ್ ಆದ ಮೇಲೆ, ಬಿಸಿಲಿಗೆ ಹಿಡಿದಾಗ, ಸರಿಯಾಗಿ ಕಾಣಿಸಿಕೊಳ್ಳುತ್ತದೆ. ಚೂಪು ಅಂಚುಗಳಲ್ಲಿ ಬಣ್ಣ ಮೊದಲೇ ತೆಳುವಾಗಿರುತ್ತದೆ, ಅಲ್ಲಿ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಅಂಟಿಸಿಕೊಂಡು ಸುತ್ತ ಉಜ್ಜಿ, ಕೊನೆಗೆ ಟೇಪ್ ತೆಗೆದು ಬರೀ ಪಾಲಿಷ್ ಬಟ್ಟೆಯಿಂದ ಮುಗಿಸುತ್ತೇನೆ. ಕಾರು ಸಿಕ್ಕಿದಾಗ ಅವಳು ಮೊದಲು ಮಾಡಿದ ಕೆಲಸ ಚಾವಣಿಯಲ್ಲಿ ತನ್ನ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡದ್ದು. ಇದಕ್ಕಿಂತ ಒಳ್ಳೆಯ ತೀರ್ಪು ಯಾವ ಸ್ಪರ್ಧೆಯಲ್ಲೂ ಸಿಗಲ್ಲ.

ಕ್ರೋಮ್ ಅಂಚುಗಳಿಗೆ ಬೆಳ್ಳಿ ಬಣ್ಣ ಬೇಡ, ತೆಳುವಾದ ಅಂಟು ಫಾಯಿಲ್ ಬೇಕು. ಅಂಟಿಸಿ, ಟೂತ್‌ಪಿಕ್‌ನಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚಿಗೆ ಸರಿಯಾಗಿ ಕತ್ತರಿಸುವುದು. ಬ್ಲೇಡ್ ಹೊಸದು ಅಂದರೆ ನಿಜವಾಗಿಯೂ ಹೊಸದು, ನಿನ್ನೆಯದ್ದಲ್ಲ. ಹೆಸರಿನ ಅಕ್ಷರಗಳಿಗೆ ಒಂದು ಉಪಾಯ ಇದೆ, ಅದು ಗೊತ್ತಾದ ದಿನ ಬಹಳ ಖುಷಿಪಟ್ಟಿದ್ದೆ. ಬಣ್ಣ ಹೊಡೆಯುವ ಮೊದಲೇ ಲಾಂಛನದ ಮೇಲೆ ಫಾಯಿಲ್ ಹಾಕಿಬಿಡುವುದು. ಬಣ್ಣ ಆದ ಮೇಲೆ ಬಟ್ಟೆಯ ತುದಿಗೆ ಚೂರೇ ಚೂರು ಥಿನ್ನರ್ ಹಾಕಿ ಅಕ್ಷರದ ತಲೆಯನ್ನು ಮಾತ್ರ ಒರೆಸಿದರೆ ಬಣ್ಣದ ಒಳಗಿಂದ ಬೆಳ್ಳಿಯ ಅಕ್ಷರ ಮೇಲೆ ಬರುತ್ತದೆ. ಎಂಥ ಸಣ್ಣ ಕುಂಚದಿಂದಲೂ ಅಷ್ಟು ಚೊಕ್ಕವಾಗಿ ಬರೆಯಲಾಗಲ್ಲ.

ಇಂಜಿನ್ ಬಣ್ಣದಲ್ಲಿ ಮಾತ್ರ ನಾನೂ ಹಟಮಾರಿ. ಶೆವರ್ಲೆ ಕಿತ್ತಳೆ, ಫೋರ್ಡ್ ನೀಲಿ, ಪಾಂಟಿಯಾಕ್‌ದು ಇನ್ನೊಂದು ನೀಲಿ, 1970ರ ಬ್ಯೂಕ್ ಕೆಂಪು. ಕ್ರೈಸ್ಲರ್‌ನ 426 ಹೆಮಿ ಇಂಜಿನ್ನಿನ ಕಿತ್ತಳೆಯೂ ಶೆವರ್ಲೆಯ ಕಿತ್ತಳೆಯೂ ಒಂದೇ ಅಲ್ಲ. ಬಾನೆಟ್ ತೆಗೆದು ನೋಡುವ ಗೆಳೆಯನಿಗೆ ಇದು ಖಂಡಿತ ಗೊತ್ತಿರುತ್ತದೆ, ಅಲ್ವಾ? ಪ್ಲಗ್ ವೈರುಗಳನ್ನೂ ಎಳೆಯುತ್ತೇನೆ. ನಿಜವಾದ ವೈರು 7 ಮಿಲಿಮೀಟರ್ ದಪ್ಪ, 25ರಿಂದ ಭಾಗಿಸಿದರೆ 0.28. ಹಾಗಾಗಿ 0.3 ಮಿಲಿಮೀಟರ್ ತಂತಿ ಸರಿಹೊಂದುತ್ತದೆ. 0.5 ಹಾಕಿದರೆ ಇಂಜಿನ್ ಮೇಲೆ ಹಾವು ಮಲಗಿದಂತೆ ಕಾಣುತ್ತದೆ. ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಸುತ್ತ ಎಂಟು ತೂತು, ನಡುವೆ ಕಾಯಿಲ್‌ನಿಂದ ಬರುವ ವೈರಿಗೆ ಒಂದು. ಶೆವರ್ಲೆಯಲ್ಲಿ ಡಿಸ್ಟ್ರಿಬ್ಯೂಟರ್ ಹಿಂದೆ, ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ ಹತ್ತಿರ ಇರುತ್ತದೆ, ಹೆಮಿಯಲ್ಲಿ ಮುಂದೆ. ಸಿಲಿಂಡರ್‌ಗಳಿಗೆ ಕಿಡಿ ಹೋಗುವ 1-8-4-3-6-5-7-2 ಅನ್ನುವ ಕ್ರಮ ಎರಡಕ್ಕೂ ಒಂದೇ. ಮೆಕ್ಯಾನಿಕ್ ಗೆಳೆಯನೊಬ್ಬನಿಗೆ ಕಟ್ಟಿದಾಗ ಅವನು ಬಣ್ಣ ನೋಡಲಿಲ್ಲ, ಕ್ರೋಮ್ ನೋಡಲಿಲ್ಲ, ಟಾರ್ಚ್ ತಂದು ವೈರುಗಳನ್ನು ಒಂದೊಂದಾಗಿ ಎಣಿಸಿದ. "ಇದು ಸ್ಟಾರ್ಟ್ ಆಗುತ್ತೆ" ಅಂದ. ಆ ಕ್ರಮಕ್ಕೆ ತಕ್ಕಂತೆ ವೈರು ಎಳೆಯಲು ಹೋದ ಸಂಜೆಗಳೆಲ್ಲ ಅಲ್ಲಿಗೆ ವಸೂಲಾದವು.

ಎಲ್ಲಕ್ಕಿಂತ ಕಷ್ಟದ ಬೇಡಿಕೆ ಒಂದಿತ್ತು. ಅಮೆರಿಕದಲ್ಲಿ ಬೆಳೆದ ಗೆಳೆಯ, ಅವನ ಅಪ್ಪ ಓಡಿಸುತ್ತಿದ್ದ ಪ್ಲಿಮತ್ ರೋಡ್ ರನ್ನರ್. ಷೋರೂಮಿನಿಂದ ಬಂದಂತೆ ಬೇಡ, ಅಪ್ಪ ಮಾರುವ ಕಾಲಕ್ಕೆ ಹೇಗಿತ್ತೋ ಹಾಗೆ ಬೇಕು ಅಂದ. ಕಿಟ್‌ನಲ್ಲಿದ್ದ ಥಳಥಳ ಚಕ್ರಗಳನ್ನು ಪಕ್ಕಕ್ಕಿಟ್ಟೆ, ಏಕೆಂದರೆ ಅವರ ಕಾರಿಗೆ ಇದ್ದದ್ದು ಸಾದಾ ಕಬ್ಬಿಣದ ಚಕ್ರ, ನಡುವೆ ಚಿಕ್ಕ ಮುಚ್ಚಳ. ರೋಡ್ ರನ್ನರ್ ಹುಟ್ಟಿದ್ದೇ ಹಾಗೆ, 1968ರಲ್ಲಿ, ಆಡಂಬರ ತೆಗೆದು ಇಂಜಿನ್ ಮಾತ್ರ ದೊಡ್ಡದಿಟ್ಟು ಬೆಲೆ ಇಳಿಸಿದ ಕಾರು. ಬಣ್ಣ ಮಾಸಿಸಬೇಕಿತ್ತು. ಮಾಸಿಸುವುದು ಅಂದ ಕೂಡಲೇ ಎಲ್ಲರೂ ತುಕ್ಕು ಬಳಿಯಲು ಓಡುತ್ತಾರೆ. ದಿನಾ ಓಡಿಸುತ್ತಿದ್ದ ಕಾರಿಗೆ ತುಕ್ಕು ಅಷ್ಟಿರಲ್ಲ. ಬಿಸಿಲು ಬೀಳುವ ಕಡೆ, ಅಂದರೆ ಬಾನೆಟ್, ಚಾವಣಿ, ಡಿಕ್ಕಿಯ ಮೇಲೆ ಹೊಳಪು ಹೋಗಿರುತ್ತದೆ, ಪಕ್ಕಗಳಲ್ಲಿ ಉಳಿದಿರುತ್ತದೆ. ಚಾಲಕನ ಸೀಟಿನ ಎಡ ಅಂಚು ಸವೆದಿರುತ್ತದೆ, ಅಲ್ಲಿಂದಲೇ ಹತ್ತಿ ಇಳಿಯುವುದಲ್ವಾ. ಬಾಗಿಲಿನ ಹಿಡಿಯ ಸುತ್ತ ಬೆರಳಿನ ಗೀರು. ಇವನ್ನೆಲ್ಲ ಹೇಳಿದ್ದು ಅವನೇ, ನಾನು ಕೇಳುತ್ತಾ ಹೋದೆ, ಅವನು ನೆನಪಿಸಿಕೊಳ್ಳುತ್ತಾ ಹೋದ. ಅಪ್ಪ ಕೈ ಇಡುತ್ತಿದ್ದ ಜಾಗ ಯಾವುದು ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿಟಕಿಯ ಅಂಚು ಅಂದ. ಅಲ್ಲಿನ ಬಣ್ಣವನ್ನು ಸ್ವಲ್ಪ ತೆಳು ಮಾಡಿದೆ, ಬೇರೆ ಯಾರಿಗೂ ಕಾಣದಷ್ಟು.

ಕೊಡುವ ಕಾರಿಗೆ ಇನ್ನೊಂದು ಗುಣ ಬೇಕು, ಗಟ್ಟಿತನ. ನನ್ನ ಮನೆಯ ಕಪಾಟಿನಲ್ಲಿ ನಾನೇ ಮುಟ್ಟುವುದು. ಗೆಳೆಯರ ಮನೆಯಲ್ಲಿ ಮಕ್ಕಳು ಮುಟ್ಟುತ್ತಾರೆ, ಧೂಳು ಹೊಡೆಯುವವರು ಎತ್ತುತ್ತಾರೆ, ಎತ್ತುವಾಗ ಎಲ್ಲರೂ ಪಕ್ಕದ ಕನ್ನಡಿಯನ್ನೇ ಹಿಡಿಯುತ್ತಾರೆ. ಹಾಗಾಗಿ ಕನ್ನಡಿಗೆ ಬರೀ ಅಂಟು ಸಾಲದು, ಸಣ್ಣ ತಂತಿಯ ಗೂಟ ಹೊಡೆದು ಕೂರಿಸುತ್ತೇನೆ. ಗಾಜಿಗೆ ಸೂಪರ್ ಗ್ಲೂ ಹತ್ತಿರಕ್ಕೂ ತರಲ್ಲ, ಅದರ ಹಬೆಗೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒಣಗಿದರೆ ಪಾರದರ್ಶಕವಾಗುವ ಬಿಳಿ ಅಂಟೇ ಸಾಕು. ಟೈರಿನದ್ದು ವಿಚಿತ್ರ ಸಮಸ್ಯೆ. ಹಳೇ ಕಿಟ್‌ಗಳ ಮೆತ್ತನೆಯ ವಿನೈಲ್ ಟೈರ್ ತನಗೆ ತಾಗಿದ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಕರಗಿಸುತ್ತದೆ. ವರ್ಷಗಳ ನಂತರ ಚಕ್ರ ಟೈರಿಗೆ ಅಂಟಿ ತಿಂದುಹೋಗಿರುತ್ತದೆ. ನಡುವೆ ಫಾಯಿಲ್ ಪಟ್ಟಿ ಸುತ್ತಿಬಿಟ್ಟರೆ ಆ ಚಿಂತೆ ಇಲ್ಲ. ಈ ಕೆಲಸ ಗೆಳೆಯನಿಗೆ ಎಂದೂ ಕಾಣಲ್ಲ, ಹೇಳುವುದೂ ಇಲ್ಲ.

ಹೊಗಳಿಕೆಯಿಂದ ಕಲಿಯಲಾಗಲ್ಲ ಅನ್ನೋದೂ ಗೊತ್ತಾಗಿದೆ. ಉಡುಗೊರೆ ಪಡೆದವರು "ಸೂಪರ್" ಅಂತಲೇ ಹೇಳುತ್ತಾರೆ, ಪಾಪ, ಇನ್ನೇನು ಹೇಳುತ್ತಾರೆ. ನಾನೀಗ ಬೇರೆ ಪ್ರಶ್ನೆ ಕೇಳುತ್ತೇನೆ: ಫೋನಿನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗಿ, ಎಲ್ಲಿ ನೋಡಿದರೆ ಮೊದಲು ಆಟಿಕೆ ಅನಿಸುತ್ತದೆ ಹೇಳು. ಈ ಪ್ರಶ್ನೆಗೆ ಯಾರೂ ಸಂಕೋಚಪಡಲ್ಲ. ಸ್ಟೀರಿಂಗ್ ದಪ್ಪ ಅಂದವಳು ಒಬ್ಬಳು. ಸೈಲೆನ್ಸರ್ ತುದಿಗೆ ತೂತೇ ಇಲ್ಲ ಅಂದವನು ಒಬ್ಬ. ಹೆಡ್‌ಲೈಟ್ ಒಳಗೆ ಒಂದು ಚುಕ್ಕೆ ಇದೆಯಲ್ಲ, ಅದೇನು ಅಂತ ಇನ್ನೊಬ್ಬ; ಅದು ದೀಪ ಕೂರಿಸಲು ಕಿಟ್‌ನವರು ಇಟ್ಟ ಮೊಳೆ, ನಾನು ನೋಡಿ ನೋಡಿ ಕಣ್ಣಿಗೆ ಕಾಣದೇ ಹೋಗಿತ್ತು. ಮುಂದಿನ ಕಾರಿನಲ್ಲಿ ಅದೊಂದನ್ನು ಸರಿಮಾಡುತ್ತೇನೆ. ಒಂದು ಕಾರಿಗೆ ಒಂದೇ ಹೊಸ ಕೆಲಸ. ಫಾಯಿಲ್, ವೈರು, ಪಾಲಿಷ್ ಮೂರನ್ನೂ ಒಟ್ಟಿಗೆ ಮೊದಲ ಸಲ ಮಾಡಲು ಹೋದವರ ಕಾರುಗಳು ಹೆಚ್ಚಾಗಿ ಡಬ್ಬದಲ್ಲೇ ಉಳಿಯುತ್ತವೆ.

ಈಗ ಮೇಜಿನ ಮೇಲಿರುವುದು 1970ರ ಪ್ಲಿಮತ್ ಸೂಪರ್‌ಬರ್ಡ್, ಉದ್ದ ಮೂಗು, ಹಿಂದೆ ಎತ್ತರದ ರೆಕ್ಕೆ. ರೇಸಿಗಾಗಿ ಹಿಂದಿನ ಗಾಜಿನ ಸುತ್ತ ಲೋಹ ಸೇರಿಸಿ ಆಕಾರ ಬದಲಿಸಿದ್ದರು, ಆ ಬೆಸುಗೆಯ ಗುರುತು ಮುಚ್ಚಲು ಎಲ್ಲಾ ಸೂಪರ್‌ಬರ್ಡ್‌ಗಳಿಗೂ ಕಪ್ಪು ವಿನೈಲ್ ಚಾವಣಿ ಹೊದಿಸಿದರು. ಕಾರ್ಖಾನೆಯವರೇ ಹೀಗೆ ಮುಚ್ಚಿಹಾಕಿದ್ದಾರೆ ಅಂದರೆ ಪುಟ್ಟಿ ತುಂಬಿ ಉಜ್ಜುವ ನಮ್ಮಂಥವರಿಗೆ ಎಷ್ಟು ಸಮಾಧಾನ. ವಿನೈಲ್‌ನ ಒರಟು ಬರಲು ಸ್ಪ್ರೇ ಡಬ್ಬಿಯನ್ನು ದೂರ ಹಿಡಿದು, ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಬೀಳುವಂತೆ ಹೊಡೆದಿದ್ದೇನೆ, ಚೆನ್ನಾಗಿಯೇ ಕೂತಿದೆ. ಇವತ್ತು ಬೆಳಿಗ್ಗೆ ಗೆಳೆಯ ಫೋನ್ ಮಾಡಿ, "ಹಾರ್ನ್ ನೇರಳೆ ಬಣ್ಣ ತಾನೇ?" ಅಂತ ಕೇಳಿದ. ಹೌದು, ರೋಡ್ ರನ್ನರ್ ಅನ್ನುವ ಕಾರ್ಟೂನ್ ಹಕ್ಕಿಯ ಹಾಗೆ 'ಬೀಪ್ ಬೀಪ್' ಅನ್ನುವ ಹಾರ್ನ್, ನೇರಳೆ ಬಣ್ಣದ್ದೇ. ಈ ಕಿಟ್‌ನಲ್ಲಿ ಹಾರ್ನ್ ಅನ್ನುವ ಭಾಗವೇ ಇಲ್ಲ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ತುದಿ ಅಗಲಿಸಿ ಮಾಡಬೇಕು, ಬಾನೆಟ್ ಕೆಳಗೆ ಅದು ಸರಿಯಾಗಿ ಯಾವ ಮೂಲೆಯಲ್ಲಿ ಕೂರುತ್ತದೆ ಅಂತ ಫೋಟೋ ಹುಡುಕಿ ಕಳಿಸುವ ಕೆಲಸ ಅವನಿಗೇ ಕೊಟ್ಟಿದ್ದೇನೆ.